ಅಪಘಾತದ ಗಾಯ: ಚಿಕಿತ್ಸೆಯ ಜೊತೆ ಹಕ್ಕನ್ನೂ ತಿಳಿಯಿರಿ

ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ಬೀದರ್ ನಗರಕ್ಕೆ ಹತ್ತಿರದ ಊರು. ಅಹ್ಮದ್ ಶಾ ವಲಿಯವರ ಉರುಸಿಗೆ ಇಲ್ಲಿ ಹಿಂದೂ-ಮುಸ್ಲಿಮರೆಲ್ಲ ಸೇರುತ್ತಾರೆ. ಉಳಿದ ದಿನಗಳಲ್ಲಿ ಈ ಭಾಗದ ಜನ ಬೈಕು, ಆಟೋ, ಟ್ರ್ಯಾಕ್ಟರುಗಳಲ್ಲಿ ಕೂಲಿಗೆ, ವ್ಯಾಪಾರಕ್ಕೆ ಓಡಾಡುತ್ತಾರೆ. ಕೆಲವರು ಗಡಿ ದಾಟಿ ಜಹೀರಾಬಾದ್, ಹೈದರಾಬಾದಿಗೂ ಹೋಗುತ್ತಾರೆ. ಭಾಲ್ಕಿ, ಔರಾದ್ ಕಡೆಯ ಸ್ಥಿತಿಯೂ ಇದೇ. ದಾರಿಯಲ್ಲಿ ಅಪಘಾತವಾಗಿ ಕಾಲು ಮುರಿದರೆ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ. ಆಮೇಲೆ ಸಾಲಕ್ಕೆ ಓಡುತ್ತಾರೆ. ಕಾನೂನಿನ ವಿಚಾರ ನೆನಪಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

"ಎಲ್ಲ ತಕ್ದೀರ್" ಎಂದು ಸುಮ್ಮನಾಗುವವರೂ ನಮ್ಮಲ್ಲಿದ್ದಾರೆ. ಸಬ್ರ್ ಬೇಕು, ನಿಜ. ಆದರೆ ಸಬ್ರ್ ಎಂದರೆ ಹಕ್ಕು ಬಿಟ್ಟುಕೊಡುವುದಲ್ಲ. ಜೀವಹಾನಿಗೆ ದಿಯತ್, ಅಂಗಹಾನಿಗೆ ಅರ್ಶ್ ಎಂಬ ಪರಿಹಾರವನ್ನು ಇಸ್ಲಾಮೀ ಫಿಕ್ಹ್ ಶಾಸ್ತ್ರವೇ ವಿವರಿಸುತ್ತದೆ. ಗಾಯಗೊಂಡವರ ನಷ್ಟವನ್ನು ತುಂಬಿಕೊಡಬೇಕು ಎಂಬ ವಿಚಾರ ನಮಗೆ ಹೊಸದಲ್ಲ.

ಮೊದಲು ಜೀವ, ಆಮೇಲೆ ಕಾಗದ

108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಪೊಲೀಸರು ಬರುವವರೆಗೆ ಚಿಕಿತ್ಸೆ ಕೊಡುವುದಿಲ್ಲ ಎನ್ನುವ ಅಧಿಕಾರ ಯಾವ ವೈದ್ಯರಿಗೂ ಇಲ್ಲ. ಗಾಯಾಳುವಿನ ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ನೀಡಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೂ ಮೋಟಾರು ವಾಹನ ಕಾಯ್ದೆಯ ಕಲಂ 134ಎ ರಕ್ಷಣೆ ಕೊಡುತ್ತದೆ. "ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆ" ಎಂದು ಹೆದರಿ ಮುಂದೆ ಸಾಗಬೇಡಿ. ಕೇಂದ್ರ ಸರ್ಕಾರದ 2025ರ ಯೋಜನೆಯ ಪ್ರಕಾರ ಅಪಘಾತದ ದಿನದಿಂದ 7 ದಿನಗಳವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ನೇಮಿಸಲಾದ ಆಸ್ಪತ್ರೆಯಲ್ಲಿ ಇದನ್ನು ಕೇಳಿ ಪಡೆಯಿರಿ.

ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಎಂದು ಬರೆಸಬೇಡಿ. ನಡೆದದ್ದನ್ನೇ ಹೇಳಿ, ವಾಹನದ ನಂಬರ್ ಗೊತ್ತಿದ್ದರೆ ಬರೆಸಿ. ಮೊದಲ ದಿನದ ಈ ದಾಖಲೆ ಮುಂದೆ ನ್ಯಾಯಾಲಯದಲ್ಲಿ ಬಹಳ ತೂಕದ್ದಾಗುತ್ತದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ಔಷಧದ ಚೀಟಿ, ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಆಸ್ಪತ್ರೆಗೆ ಓಡಾಡಿದ ಬಾಡಿಗೆ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿಡಿ.

ಎಲ್ಲಿ, ಯಾವಾಗ ಅರ್ಜಿ?

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಲಂ 166ರ ಅಡಿಯಲ್ಲಿ ಸಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಅಪಘಾತದಿಂದ ಆರು ತಿಂಗಳ ಗಡುವು ಹಾಕಿದೆ. ಆದ್ದರಿಂದ ಗಾಯ ಪೂರ್ತಿ ಮಾಯಲಿ ಎಂದು ಕಾಯಬೇಡಿ. ಅಪಘಾತ ತೆಲಂಗಾಣದಲ್ಲೋ ಮಹಾರಾಷ್ಟ್ರದಲ್ಲೋ ಆಗಿದ್ದರೂ ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗಡಿ ಜಿಲ್ಲೆಯವರಾದ ನಮಗೆ ಇದು ದೊಡ್ಡ ಅನುಕೂಲ.

ತಪ್ಪು ಯಾರದೆಂದು ಸಾಬೀತುಪಡಿಸದೆಯೂ ಕಲಂ 164ರಡಿ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ. ಎಲುಬು ಮುರಿದರೂ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಆದರೆ ವಿಮಾ ಕಂಪನಿ ಕೊಡುವ ಈ ಮೊತ್ತವನ್ನು ಒಪ್ಪಿಕೊಂಡರೆ ಕಲಂ 166ರ ದೊಡ್ಡ ಪರಿಹಾರದ ಅರ್ಜಿ ರದ್ದಾಗುತ್ತದೆ. ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿಯ ಸರ್ಕಾರಿ ಪರಿಹಾರವಿದೆ.

ಕೆಲಸ ಮಾಡುತ್ತಿರುವಾಗಲೇ ಗಾಯವಾದರೆ ಕಾನೂನಿನ ಪ್ರಕಾರ ಮಾಲೀಕರಿಂದಲೂ ಪರಿಹಾರ ಕೇಳಬಹುದು. ವಾಹನ ಅಪಘಾತವೂ ಆಗಿದ್ದರೆ ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಶೇಕಡಾವಾರಿನ ಗುಟ್ಟು

ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ವೈದ್ಯರು ಇಡೀ ದೇಹಕ್ಕೆ ಶೇ. 20 ಅಂಗವೈಕಲ್ಯ ಎಂದು ಬರೆದರೆ ದುಡಿಮೆಯ ನಷ್ಟವೂ ಶೇ. 20 ಎಂದಲ್ಲ. ಆ ಗಾಯದಿಂದ ಆ ವ್ಯಕ್ತಿಯ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿತು. ಎಡಗೈ ಹೋದರೆ ಕಚೇರಿ ಗುಮಾಸ್ತರ ಸಂಬಳ ನಿಲ್ಲಲಿಕ್ಕಿಲ್ಲ, ಆದರೆ ಡ್ರೈವರ್ ಅಥವಾ ಬಡಗಿಯ ಕಸುಬೇ ನಿಂತುಹೋಗಬಹುದು.

ಒಂದು ಲೆಕ್ಕ ನೋಡೋಣ. ಗೌಂಡಿಯೊಬ್ಬರಿಗೆ 32 ವರ್ಷ, ತಿಂಗಳಿಗೆ 12,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,44,000 ಆಯಿತು. ಈ ವಯಸ್ಸಿಗೆ ನ್ಯಾಯಾಲಯ ಬಳಸುವ ಗುಣಕ 16. ದುಡಿಮೆಯ ನಷ್ಟ ಶೇ. 20 ಎಂದರೆ 4,60,800 ರೂಪಾಯಿ. ಅಟ್ಟಣಿಗೆ ಹತ್ತಲಾಗದ ಕಾರಣ ನಷ್ಟ ಶೇ. 40 ಎಂದು ಸಾಬೀತಾದರೆ 9,21,600. ಆದ್ದರಿಂದ ವೈದ್ಯರನ್ನು ಸಾಕ್ಷಿಯಾಗಿ ಕರೆಸಿ, ಯಾವ ಕೆಲಸ ಇನ್ನು ಆಗುವುದಿಲ್ಲ ಎಂಬುದನ್ನು ಹೇಳಿಸುವುದು ಮುಖ್ಯ.

ಸಂಬಳ ಚೀಟಿ ಇಲ್ಲವೆಂದು ಕುಗ್ಗಬೇಡಿ. ಬೆಂಗಳೂರಿನ ಕೂಲಿ ಕಾರ್ಮಿಕರೊಬ್ಬರು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದಾಗ ನ್ಯಾಯಮಂಡಳಿ 3,000 ಎಂದೇ ಲೆಕ್ಕ ಹಾಕಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತನ್ನೇ ಒಪ್ಪಿತು. ಕೂಲಿಯವರಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದು ಎಂಬುದು ಅದರ ನಿಲುವು. ಗೃಹಿಣಿಯ ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು 2021ರ ಜನವರಿಯ ತೀರ್ಪು ಹೇಳುತ್ತದೆ. ದುಡಿಮೆಯ ನಷ್ಟದ ಜೊತೆಗೆ ನೋವು, ಮುಂದಿನ ಶಸ್ತ್ರಚಿಕಿತ್ಸೆ, ಕೃತಕ ಕಾಲು, ಫಿಸಿಯೋಥೆರಪಿ, ಆರೈಕೆ ಮಾಡುವವರ ಖರ್ಚನ್ನೂ ಕೇಳಬಹುದು.

ವಕೀಲರು ಮತ್ತು ಫೀಸು

ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು "ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ" ಎನ್ನುವವರಿಂದ ದೂರವಿರಿ. ಪರಿಹಾರದಲ್ಲಿ ಪಾಲು ಕೇಳುವ ಫೀಸನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಪರಿಹಾರದ ಹಣ ನಿಮ್ಮದೇ ಬ್ಯಾಂಕ್ ಖಾತೆಗೆ ಬರಲಿ.

ಹಣವಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗೆ ಆದಾಯವಿರಬೇಕು. ಬೀದರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ತಾಲೂಕು ಸಮಿತಿಗಳಲ್ಲಿ ವಿಚಾರಿಸಿ. ಸಹಾಯವಾಣಿ 15100.

ಊರ ಹಿರಿಯರು ಕೂತು ಹತ್ತಿಪ್ಪತ್ತು ಸಾವಿರಕ್ಕೆ ರಾಜಿ ಮಾಡಿಸುವ ಮೊದಲು ಒಮ್ಮೆ ಈ ನಂಬರಿಗೆ ಕರೆ ಮಾಡಿ. ಮಸೀದಿ ಕಮಿಟಿಯವರು 108, 112, 15100 ಈ ಮೂರು ನಂಬರುಗಳನ್ನು ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದರೆ, ಯಾವುದೋ ಮನೆಯ ಸಾಲ ತಪ್ಪಿಸಿದ ಪುಣ್ಯ ಅವರದಾಗುತ್ತದೆ.