ತಂಪಿನ ಕಸುಬು: ಪುಣೆಯ ಕನ್ನಡ ತರುಣರಿಗೆ ಒಂದು ದಾರಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಯಾವ ಚರ್ಚೆ ನಡೆಯುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಸೈನ್ಸೋ ಕಾಮರ್ಸೋ? ಇಂಜಿನಿಯರಿಂಗೋ ಸಿ.ಎ.ಯೋ? ಇದರ ನಡುವೆ ಯಾರಾದರೂ ಐ.ಟಿ.ಐ. ಎಂದು ಬಾಯಿಬಿಟ್ಟರೆ ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಅಪ್ಪನ ಪ್ರಶ್ನೆ: "ನಾವು ಊರು ಬಿಟ್ಟು ಇಲ್ಲಿಗೆ ಬಂದದ್ದು ನೀನು ಪಾನಾ ಹಿಡಿಯಲಿ ಅಂತಲೇ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬೇಡಿ. ಅದಕ್ಕೆ ಉತ್ತರ ಕೊಡಬೇಕಾದವರು ನೀವೇ. ಪುಸ್ತಕಕ್ಕಿಂತ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದರಲ್ಲೇ ಆಸಕ್ತಿ ಇರುವ ಹುಡುಗ ಹುಡುಗಿಯರು ನಮ್ಮಲ್ಲಿಯೂ ಇದ್ದಾರೆ. ಅಂಥವರಿಗಾಗಿ ಈ ನಾಲ್ಕು ಮಾತು. ವಿಷಯ, ಶೀತಲೀಕರಣ ಮತ್ತು ಹವಾನಿಯಂತ್ರಣ.

ಎ.ಸಿ. ಕೆಲಸವೆಂದರೆ ಗ್ಯಾಸ್ ತುಂಬುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಜ ಸಂಗತಿ ಬೇರೆ. ಫ್ರಿಜ್ಜಾಗಲಿ ಎ.ಸಿ.ಯಾಗಲಿ ತಂಪನ್ನು ತಯಾರಿಸುವುದಿಲ್ಲ; ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಹಾಕುತ್ತದೆ. ಆ ಹಮಾಲಿ ಮಾಡುವುದು ಕೊಳವೆಯಲ್ಲಿ ಸುತ್ತುತ್ತಿರುವ ಗ್ಯಾಸ್. ಒಳಗೆ ದ್ರವವು ಆವಿಯಾಗುತ್ತ ಶಾಖವನ್ನು ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತುತ್ತದೆ, ಹೊರಗೆ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಸ್ಕೂಟರಿನ ಪೆಟ್ರೋಲಿನಂತೆ ಅದು ಖರ್ಚಾಗುವ ವಸ್ತುವಲ್ಲ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತು ಹುಡುಕದೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿ ದುಡ್ಡು ಎಣಿಸಿಕೊಳ್ಳುವವನೂ ಎ.ಸಿ.ಯವನೇ; ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ, ತೂತು ಹುಡುಕಿ ಬೆಸುಗೆ ಹಾಕಿ, ನಿರ್ವಾತ ಮಾಡಿ, ತೂಕ ನೋಡಿ ಗ್ಯಾಸ್ ತುಂಬುವವನೂ ಎ.ಸಿ.ಯವನೇ. ಅಪ್ಪನ ಪ್ರಶ್ನೆಗೆ ಉತ್ತರವಿರುವುದು ಈ ಇಬ್ಬರ ನಡುವಿನ ಅಂತರದಲ್ಲಿ.

ನಮ್ಮ ಹಿರಿಯರಿಗೆ ಈ ಕಸುಬು ಅಪರಿಚಿತವೂ ಅಲ್ಲ. ಪುಣೆಗೆ ಬಂದ ಕರಾವಳಿಯವರಲ್ಲಿ ಹೋಟೆಲು ನಡೆಸಿದವರೆಷ್ಟು ಜನ! ಫರ್ಗುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರ ಹೆಸರು ತಿಳಿಯದ ಪುಣೇಕರ ಸಿಗುವುದು ಕಷ್ಟ. ಯಾವ ಹೋಟೆಲಿನವರನ್ನಾದರೂ ಕೇಳಿ ನೋಡಿ: ಶನಿವಾರ ರಾತ್ರಿ ಡೀಪ್ ಫ್ರೀಜರ್ ನಿಂತರೆ ಭಾನುವಾರದ ವ್ಯಾಪಾರದ ಗತಿ ಏನು? ಆ ಹೊತ್ತಿನಲ್ಲಿ ಅವರು ಮೊದಲು ಫೋನ್ ಮಾಡುವುದು ಯಾರಿಗೆ? ಅಡುಗೆಮನೆಯ ಹೊಗೆ ಎಳೆಯುವ ಎಕ್ಸಾಸ್ಟ್ ಕೂಡ ಇದೇ ಶಾಸ್ತ್ರದ ಭಾಗ. ಎಳೆದಷ್ಟು ಗಾಳಿ ಹೊರಗಿನಿಂದ ಬರಲು ದಾರಿ ಇಡದಿದ್ದರೆ ಅದು ಊಟದ ಹಾಲಿನ ತಂಪು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಎ.ಸಿ. ಹಗಲಿಡೀ ಓಡಿದರೂ ಗಿರಾಕಿ ಬೆವರುತ್ತಾನೆ. ಮಾಲೀಕರು ಎ.ಸಿ. ಕಂಪನಿಯನ್ನು ಬೈಯುತ್ತಾರೆ, ತಪ್ಪು ಇರುವುದು ಅಡುಗೆಮನೆಯಲ್ಲಿ. ಇಂಥದ್ದನ್ನು ಕಂಡುಹಿಡಿಯುವುದರಲ್ಲಿ ಪತ್ತೇದಾರಿ ಕೆಲಸದ ಸುಖವಿದೆ.

ಇನ್ನು ಊರಿನ ಮಾತು. ಒಂದು ಕಾಲಕ್ಕೆ ಫ್ಯಾನೂ ಬೇಡವೆನ್ನುತ್ತಿದ್ದ ಪುಣೆಯಲ್ಲಿ ಈ ಕಸುಬಿಗೆ ಆಧಾರವಾಗಿ ನಿಂತದ್ದು ಮನೆಗಳಿಗಿಂತ ಹೆಚ್ಚಾಗಿ ಕಾರ್ಖಾನೆಗಳು. 1958ರಲ್ಲಿ ಆರಂಭವಾದ ಹಡಪಸರದ ಕಿರ್ಲೋಸ್ಕರ್ ನ್ಯುಮ್ಯಾಟಿಕ್ ಕಂಪನಿ ಶೀತಲೀಕರಣದ ದೊಡ್ಡ ಕಂಪ್ರೆಸರುಗಳಿಗೆ ಹೆಸರಾಯಿತು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ವ್ಯಾಪಾರ ಶುರುಮಾಡಿದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ. ಪಾನಾ ಹಿಡಿದ ಕೈಯೇ ಅದು! ಪುಣೆಯದೇ ಆದ ಥರ್ಮ್ಯಾಕ್ಸ್ ಕಂಪನಿ ಹೊಗೆಕೊಳವೆಯಲ್ಲಿ ವ್ಯರ್ಥವಾಗುವ ಶಾಖದಿಂದಲೇ ತಂಪು ಪಡೆಯುವ ಚಿಲ್ಲರುಗಳನ್ನು ಮಾಡುತ್ತದೆ. ರಾಂಜಣಗಾವದಲ್ಲಿ ಫ್ರಿಜ್ಜು ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. 2021ರ ಜನವರಿ 12ರ ನಸುಕಿನಲ್ಲಿ ಸೀರಮ್ ಇನ್‌ಸ್ಟಿಟ್ಯೂಟಿನಿಂದ ಕೋವಿಶೀಲ್ಡ್ ಲಸಿಕೆ ಹೊತ್ತ ಮೊದಲ ಲಾರಿಗಳು ಹೊರಟಾಗ ಟಿ.ವಿ.ಯಲ್ಲಿ ಎಲ್ಲರೂ ಕಂಡದ್ದು ಪೆಟ್ಟಿಗೆಗಳನ್ನು. ಆ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಕಾರ್ಖಾನೆಯ ಶೀತಕೋಣೆಯಿಂದ ಹಳ್ಳಿಯ ಆರೋಗ್ಯ ಕೇಂದ್ರದ ಫ್ರಿಜ್ಜಿನವರೆಗೆ ಅದನ್ನು ಕಾದವರನ್ನು ಯಾರೂ ತೋರಿಸಲಿಲ್ಲ.

ಪ್ರವೇಶ ಹೇಗೆ? ಹತ್ತನೆಯದು ಪಾಸಾದವರಿಗೆ ಐ.ಟಿ.ಐ.ಯಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್ ಟ್ರೇಡ್ ಇದೆ; ಎರಡು ವರ್ಷ. ಆಮೇಲೆ ಯಾವುದಾದರೂ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಶಿಷ್ಯವೇತನದ ಮೇಲೆ ದುಡಿದು ರಾಷ್ಟ್ರೀಯ ಪ್ರಮಾಣಪತ್ರ ಪಡೆಯಬಹುದು. ತಂದೆತಾಯಿಯರಿಗೆ ಮುಖ್ಯವಾಗಿ ತಿಳಿಸಬೇಕಾದ ಮಾತು ಒಂದಿದೆ: ಇದು ಮುಚ್ಚಿದ ಓಣಿಯಲ್ಲ. ಮಹಾರಾಷ್ಟ್ರದಲ್ಲಿ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾದಿಂದ ಪದವಿಯ ಎರಡನೆಯ ವರ್ಷಕ್ಕೆ. ಮೊದಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವವರು 1981ರಲ್ಲಿ ಸ್ಥಾಪನೆಯಾದ ಇಶ್ರೇ ಸಂಸ್ಥೆಯ ಪುಣೆ ಶಾಖೆಯನ್ನು ವಿಚಾರಿಸಲಿ. ವಿದ್ಯಾರ್ಥಿಗಳಿಗೂ ಅಲ್ಲಿ ಜಾಗವಿದೆ.

ಮೊದಲ ಎರಡು ಮೂರು ವರ್ಷ ಸುಲಭವಲ್ಲ, ಮುಚ್ಚಿಡುವುದೇಕೆ? ಕೈಗೆ ಬರುವುದು ಕಡಿಮೆ. ಹಿಂಜವಡಿಯಲ್ಲಿ ಕೆಲಸಕ್ಕಿರುವ ಪಕ್ಕದ ಮನೆಯ ಹುಡುಗನ ಸಂಬಳ ನಿಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಊಟಕ್ಕೆ ಪುರುಸೊತ್ತಿಲ್ಲ. ಮಳೆ ಹಿಡಿದೊಡನೆ ಮನೆಗಳ ಕೆಲಸ ಇಳಿದುಹೋಗುತ್ತದೆ. ಅನೇಕರು ಕಸುಬು ಬಿಡುವುದು ಆಗಲೇ. ಆಸ್ಪತ್ರೆ, ಔಷಧ ಕಾರ್ಖಾನೆ, ಡೇರಿ, ಹೋಟೆಲುಗಳ ವಾರ್ಷಿಕ ಕರಾರಿನ ಕೆಲಸ ಮಾಡುವ ಕಂಪನಿಯಲ್ಲಿ ಕಲಿತರೆ ಶ್ರಾವಣದಲ್ಲೂ ಕೈ ಖಾಲಿ ಇರುವುದಿಲ್ಲ. ಮೊದಲ ನೌಕರಿ ಆರಿಸುವಾಗ ಸಂಬಳದ ಇನ್ನೂರು ಮುನ್ನೂರು ರೂಪಾಯಿ ವ್ಯತ್ಯಾಸಕ್ಕಿಂತ ಇದನ್ನು ನೋಡಿ.

ಅಪಾಯವೂ ಉಂಟು. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಹತ್ತನೆಯ ಮಹಡಿಯ ಹೊರಗೋಡೆಯ ಮೇಲೆ ಬೆಲ್ಟ್ ಇಲ್ಲದೆ ನಿಲ್ಲಿಸುವ ಯಜಮಾನನಿಗೆ ಆ ದಿನವೇ ನಮಸ್ಕಾರ ಹೇಳಿ ಹೊರಡಿ. ಒತ್ತಡ ಪರೀಕ್ಷೆಗೆ ನೈಟ್ರೋಜನ್ ಮಾತ್ರ. ಆಮ್ಲಜನಕ ಹಾಕಿದರೆ ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ.

ಗ್ಯಾಸುಗಳೂ ಬದಲಾಗುತ್ತಿವೆ. ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-22 ಹಿಂದೆ ಸರಿಯುತ್ತಿದೆ. ಅದರ ಜಾಗಕ್ಕೆ ಬಂದವುಗಳಲ್ಲಿ ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ಆರ್-290 ಅಂತೂ ಪ್ರೊಪೇನ್, ಅಡುಗೆ ಅನಿಲದ ಸೋದರ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ, ಅದರಂತೆ ಎಚ್.ಎಫ್.ಸಿ. ಗ್ಯಾಸುಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸಬೇಕು. ಬೀಡಿ ಸೇದುತ್ತ ಗ್ಯಾಸ್ ಬಿಡುತ್ತಿದ್ದ ಹಳಬರ ಕಾಲ ಹೋಯಿತು. 2019ರ ಮಾರ್ಚಿನಲ್ಲಿ ಬಂದ ಕೇಂದ್ರ ಸರ್ಕಾರದ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರದ ಗುರಿ ಇಟ್ಟದ್ದು ಇದೇ ಕಾರಣಕ್ಕೆ. ಹಳಬರೂ ಹೊಸದಾಗಿ ಕಲಿಯಬೇಕಾದ ಈ ಹೊತ್ತಿನಲ್ಲಿ ಹೊಸಬರಿಗೆ ಹಿಂದುಳಿದೆವೆಂಬ ಚಿಂತೆಯಿಲ್ಲ.

ಐದಾರು ವರ್ಷ ಕಳೆದ ಮೇಲೆ ದಾರಿಗಳು ಕವಲೊಡೆಯುತ್ತವೆ. ಕೆಲವರು ಚಿಲ್ಲರ್ ಪ್ಲಾಂಟಿನ ಮೇಲ್ವಿಚಾರಕರಾಗುತ್ತಾರೆ, ಕೆಲವರು ಡಕ್ಟಿನ ನಕ್ಷೆ ಮತ್ತು ಶಾಖದ ಲೆಕ್ಕಕ್ಕೆ ಕೂರುತ್ತಾರೆ, ಇನ್ನು ಕೆಲವರು ಸ್ವಂತ ಬೋರ್ಡು ಹಾಕುತ್ತಾರೆ. ಬೋರ್ಡು ಹಾಕುವವರಿಗೆ ನಿಮ್ಮ ಹುಟ್ಟಿನಿಂದಲೇ ಒಂದು ಅನುಕೂಲ ಬಂದಿದೆ. ಸೊಸೈಟಿಯ ಕಾರ್ಯದರ್ಶಿಯೊಡನೆ ಅಚ್ಚ ಮರಾಠಿ, ಬಿಹಾರದ ಸಹಾಯಕನೊಡನೆ ಹಿಂದಿ, ಹೋಟೆಲಿನ ಶೆಟ್ಟರೊಡನೆ ಕನ್ನಡವೋ ತುಳುವೋ. ಮೂರರಲ್ಲಿಯೂ ಒಂದೇ ದರ ಹೇಳಿ, ಹಾಕಿದ ಗ್ಯಾಸಿನ ತೂಕವನ್ನು ಬಿಲ್ಲಿನಲ್ಲಿ ಬರೆದುಕೊಡಿ.

ರಾಜ್ಯದ ಐ.ಟಿ.ಐ. ಪ್ರವೇಶಕ್ಕೆ ಹತ್ತನೆಯ ಫಲಿತಾಂಶದ ನಂತರ ಆನ್‌ಲೈನಿನಲ್ಲೇ ಅರ್ಜಿ ಹಾಕಬೇಕು. ಪುಣೆಯಲ್ಲಿ ಔಂಧದ ಸರ್ಕಾರಿ ಐ.ಟಿ.ಐ. ಹಳೆಯದು. ಅರ್ಜಿ ಹಾಕುವ ಮುನ್ನ ಅಪ್ಪನನ್ನೂ ಕರೆದುಕೊಂಡು ಹೋಗಿ ಒಮ್ಮೆ ವರ್ಕ್‌ಶಾಪ್ ನೋಡಿ ಬನ್ನಿ. ಬೆಳಗಿನ ಹೊತ್ತು ಹೋದರೆ ಹುಡುಗರು ಬೆಸುಗೆ ಹಾಕುವುದನ್ನು ಕಾಣಬಹುದು.