ಇಗರ್ಜಿ ಮತ್ತು ನೆರೆಹೊರೆ

ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಬಸ್ಸಿನಲ್ಲಿ ಬರುವವರಿಗೆ ಗುಡಿಯ ಗೋಪುರ, ಮಸೀದಿಯ ಮಿನಾರು, ಇಗರ್ಜಿಯ ಶಿಲುಬೆ ಒಂದರ ಬಳಿಕ ಒಂದು ಕಾಣಸಿಗುತ್ತವೆ. ಇವುಗಳೊಳಗಿನ ಜನ ಒಬ್ಬರೊಡನೊಬ್ಬರು ನಡೆದುಕೊಳ್ಳುವುದಕ್ಕೆ ಏನಾದರೂ ಕಟ್ಟಳೆಯುಂಟೇ? ಕೆಥೋಲಿಕ ಇಗರ್ಜಿಯ ಮಟ್ಟಿಗೆ ಉಂಟು. ಅದನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಆಶಯ.

ನೆರೆಹೊರೆಯ ಸಂಬಂಧವೇನೋ ಹಳೆಯದು. ೧೬೭೮ರಲ್ಲಿ ಕೆಳದಿಯ ಅರಸರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಅನುಮತಿಯಿತ್ತವರು ವೀರಶೈವ ಅರಸರು. ಇದರಲ್ಲಿ ಧರ್ಮಸಹಿಷ್ಣುತೆಯಷ್ಟೇ ಅಕ್ಕಿ ಮೆಣಸುಗಳ ವ್ಯಾಪಾರವೂ ಕೆಲಸ ಮಾಡಿರಬೇಕು.

ಆದರೆ ಲಿಖಿತ ನೀತಿ ಬಂದದ್ದು ತೀರ ಈಚೆಗೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೪ರ ನವೆಂಬರಿನಲ್ಲಿ ಕ್ರೈಸ್ತರೊಳಗಿನ ಐಕ್ಯದ ಬಗೆಗೂ, ೧೯೬೫ರ ಅಕ್ಟೋಬರಿನಲ್ಲಿ ಇತರ ಧರ್ಮಗಳೊಡನೆ ಸಂಬಂಧದ ಬಗೆಗೂ ಬೇರೆ ಬೇರೆ ಘೋಷಣೆಗಳನ್ನು ಹೊರಡಿಸಿತು. ರೋಮಿನಲ್ಲಿ ಇವೆರಡಕ್ಕೆ ಎರಡು ಕಚೇರಿಗಳು. ಉತ್ತರ ಕನ್ನಡಕ್ಕೆ ೧೯೭೬ರಲ್ಲಿ ಕಾರವಾರ ಧರ್ಮಪ್ರಾಂತ ಸ್ಥಾಪನೆಯಾದುದರಿಂದ, ಇಲ್ಲಿಯ ಹೊಣೆ ಕಾರವಾರದ ಬಿಷಪರದು. ಐಕ್ಯಕಾರ್ಯಕ್ಕಾಗಿ ಪ್ರತಿಯೊಂದು ಧರ್ಮಪ್ರಾಂತದಲ್ಲಿ ಒಬ್ಬ ಬಲ್ಲವರನ್ನು ನೇಮಿಸಿ, ಅವರ ಜೊತೆಗೆ ಒಂದು ಮಂಡಳಿಯನ್ನೂ ರಚಿಸಬೇಕೆಂದು ೧೯೯೩ರ ನಿರ್ದೇಶಿಕೆ ವಿಧಿಸುತ್ತದೆ.

ಎರಡು ಕಚೇರಿಗಳೇಕೆ ಎಂದು ಕೆಲವರು ಕೇಳಬಹುದು. ಇತರ ಕ್ರೈಸ್ತರೊಡನೆ ದೀಕ್ಷಾಸ್ನಾನವು ಸಾಮಾನ್ಯ. ಎಂದಾದರೊಮ್ಮೆ ಒಂದಾಗುವುದೇ ಅಲ್ಲಿಯ ಗುರಿ. ಹಿಂದೂ, ಮುಸಲ್ಮಾನ, ಜೈನ ನೆರೆಯವರೊಡನೆ ಒಂದಾಗುವ ಮಾತಿಲ್ಲ. ಅರಿತು ಬಾಳುವ ಮಾತು ಮಾತ್ರ. ಬೆರೆಸಿದರೆ ಎರಡೂ ಕೆಟ್ಟಾವು.

ಕಟ್ಟಳೆಯ ಬಿಸಿ ತಟ್ಟುವುದು ಮದುವೆಯಲ್ಲಿ. ಕೆಥೋಲಿಕ ಹುಡುಗಿ ದಕ್ಷಿಣ ಭಾರತ ಸಭೆಯ ಹುಡುಗನನ್ನು ವರಿಸಬೇಕಾದರೆ ಬಿಷಪರ ಅನುಮತಿ ಬೇಕು. ಹಿಂದೂ ಅಥವಾ ಮುಸಲ್ಮಾನ ಹುಡುಗನಾದರೆ ವಿಶೇಷ ವಿನಾಯಿತಿಯೇ ಬೇಕು, ಇಲ್ಲವಾದರೆ ಇಗರ್ಜಿಯ ದೃಷ್ಟಿಯಲ್ಲಿ ಆ ಮದುವೆಯೇ ಅಸಿಂಧು. ಮಕ್ಕಳಿಗೆ ಕೆಥೋಲಿಕ ದೀಕ್ಷೆ ಕೊಡಿಸಲು ಶಕ್ತಿಮೀರಿ ಯತ್ನಿಸುವೆನೆಂದು ಆಕೆ ಮಾತು ಕೊಡಬೇಕು. ಇನ್ನೊಂದು ಪಕ್ಷದವರಿಗೆ ಇದು ಹಿತವಾಗಿ ಕಾಣಲಾರದು. ಪ್ರತಿ ವರ್ಷ ಜನವರಿ ೧೮ರಿಂದ ೨೫ರವರೆಗಿನ ಐಕ್ಯಪ್ರಾರ್ಥನೆಯ ವಾರದಲ್ಲಿ ಕೂಡಿ ಪ್ರಾರ್ಥಿಸಬಹುದು. ಪರಮಪ್ರಸಾದವನ್ನು ಮಾತ್ರ ಸಾಮಾನ್ಯವಾಗಿ ಕೂಡಿ ಸ್ವೀಕರಿಸುವಂತಿಲ್ಲ. ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರು ೧೯೪೭ರಲ್ಲಿಯೇ ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದ್ದನ್ನು ನೆನೆದರೆ, ಈ ನಡಿಗೆ ನಿಧಾನವೆಂದೇ ನನಗೆ ತೋರುತ್ತದೆ.

ಅದಿರಲಿ. ಡಿಸೆಂಬರ್ ೩ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಭಟ್ಕಳದ ನವಾಯತರ ಮನೆಮಾತು ಕ್ರೈಸ್ತರ ಕೊಂಕಣಿಗೆ ನೆಂಟ. ಯಾವ ಮಂಡಳಿಯೂ ಇವನ್ನು ಏರ್ಪಡಿಸಿದ್ದಲ್ಲ.

ಹಾಗಾದರೆ ಮಂಡಳಿ ಏತಕ್ಕೆ? ೧೯೯೩ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಗಲಭೆಯಲ್ಲಿ ಬೆಂದಿತು. ೨೦೧೭ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಒಬ್ಬ ತರುಣನ ಸಾವಿನ ಬೆನ್ನಿಗೇ ಎದ್ದ ಸುದ್ದಿಗಳಿಂದ ಕುಮಟಾ, ಶಿರಸಿಗಳವರೆಗೆ ಕಿಚ್ಚು ಹಬ್ಬಿತು; ಅದು ಆಕಸ್ಮಿಕ ಸಾವೆಂದು ಸಿ.ಬಿ.ಐ. ವರದಿಯಿತ್ತದ್ದು ೨೦೨೨ರಲ್ಲಿ. ನಿಜ ಹೊರಬರುವ ಮುನ್ನಿನ ಆ ದಿನಗಳಲ್ಲಿ ಗುಡಿಯ ಮೊಕ್ತೇಸರರಿಗೂ ಜಮಾತಿನ ಹಿರಿಯರಿಗೂ ಪಾದ್ರಿಗಳಿಗೂ ಪರಸ್ಪರ ಮುಖಪರಿಚಯವಿರಬೇಕು. ಒಬ್ಬರು ಕರೆದರೆ ಮತ್ತೊಬ್ಬರು ಓಗೊಡಬೇಕು. ಹಬ್ಬದ ಜಾತ್ರೆಯೊಂದರಿಂದಲೇ ಇದು ಕೂಡಿಬರದು.

ಇಲ್ಲೊಂದು ತೊಡಕುಂಟು. ಪಾದ್ರಿಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ. ಅವರು ಗಳಿಸಿದ ಪರಿಚಯವೂ ಅವರೊಡನೆ ಹೊರಟುಹೋಗುತ್ತದೆ. ಐಕ್ಯಮಂಡಳಿಯಲ್ಲಿ ಗೃಹಸ್ಥರಿಗೂ ಸ್ಥಾನವಿರಬೇಕೆಂದು ೧೯೯೩ರ ನಿರ್ದೇಶಿಕೆಯೇ ಹೇಳುತ್ತದೆ. ಅಂತರ್ಧರ್ಮೀಯ ಕಾರ್ಯಕ್ಕೂ ಅದನ್ನೇ ಅನುಸರಿಸಿ, ಊರಿನಲ್ಲಿಯೇ ಬಾಳುವ ಉಪಾಧ್ಯಾಯರನ್ನೂ ಮೀನುಗಾರರನ್ನೂ ಸೇರಿಸಿಕೊಂಡರೆ ಈ ತೊಡಕು ಅಷ್ಟರಮಟ್ಟಿಗೆ ಬಗೆಹರಿದೀತು.