ನಡಿಗೆಯೂ ನಾಲಿಗೆಯ ಸಂಯಮವೂ

ಕಳೆದ ಶ್ರಾವಣದ ಪ್ರವಚನ ಮುಗಿದ ವಾರ ಶ್ರೀಮಠದ ಹಳೆಯ ಭಕ್ತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ನಿವೃತ್ತ ಶಿಕ್ಷಕರು, ಹನ್ನೆರಡು ವರ್ಷಗಳಿಂದ ಮಧುಮೇಹವಿದೆ. ತಿಂಗಳಿಡೀ ದಾಸೋಹದಲ್ಲಿ ಸ್ವೀಕರಿಸಿದ ಗೋಧಿ ಹುಗ್ಗಿಯ ಪರಿಣಾಮ ರಕ್ತಪರೀಕ್ಷೆಯಲ್ಲಿ ಸ್ಪಷ್ಟವಾಗಿತ್ತು. "ಪ್ರಸಾದಕ್ಕ ಬ್ಯಾಡ ಅನ್ನೂದು ಹ್ಯಾಂಗ್ರಿ ಡಾಕ್ಟರ್?" ಎಂದವರು, ಕ್ಷಣ ಬಿಟ್ಟು ತಾವೇ ತಿದ್ದಿಕೊಂಡರು: "ಖರೇ ಹೇಳಬೇಕಂದ್ರ ಪ್ರಸಾದದ ಮಾತಲ್ರಿ, ನನ್ನ ನಾಲಿಗಿದು. ಮನಿಯೊಳಗೂ ಹಿಂಗ. ನನಗ ಸಂಯಮನ ಇಲ್ಲ." ಒಂದು ದಿನವೂ ಇಷ್ಟಲಿಂಗಪೂಜೆ ತಪ್ಪಿಸದ ಹಿರಿಯರೊಬ್ಬರು ತಮ್ಮನ್ನು ಹೀಗೆ ಹಳಿದುಕೊಂಡುದು ನನಗೆ ಸರಿಕಾಣಲಿಲ್ಲ.

ಆಹಾರದ ಮುಂದೆ ಸೋಲುವುದನ್ನು ನಾವು ಸ್ವಭಾವದ ದೋಷವೆಂದೇ ಎಣಿಸುತ್ತೇವೆ. ಆಯುರ್ವೇದದ ನೋಟ ಇದಕ್ಕಿಂತ ಸೂಕ್ಷ್ಮವಾದುದು. ಚರಕಸಂಹಿತೆಯು ಪ್ರಜ್ಞಾಪರಾಧವನ್ನು ವಿವರಿಸುವಾಗ ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಬೇರೆಬೇರೆಯಾಗಿ ಹೇಳುತ್ತದೆ. ಹಿತಾಹಿತಗಳನ್ನು ತಿಳಿಯುವುದು ಧೀ. ಅಹಿತದತ್ತ ಹರಿಯುವ ಮನಸ್ಸನ್ನು ತಡೆದು ನಿಲ್ಲಿಸುವುದು ಧೃತಿ. ನಮ್ಮ ಶಿಕ್ಷಕರಲ್ಲಿ ಧೀ ಚೆನ್ನಾಗಿಯೇ ಇತ್ತು, ಹುಗ್ಗಿ ತಮಗೆ ಅಹಿತವೆಂದು ಅವರು ಇತರರಿಗೂ ಬೋಧಿಸಬಲ್ಲರು. ಕುಂದಿದ್ದುದು ಧೃತಿ. ಆದುದರಿಂದ ಅವರಿಗೆ ಮತ್ತೊಮ್ಮೆ ಪಥ್ಯದ ಉಪದೇಶ ಮಾಡಿ ಪ್ರಯೋಜನವಿರಲಿಲ್ಲ.

ಈ ತಡೆಯುವ ಕಾರ್ಯದಲ್ಲಿ ಮುಖ್ಯ ಪಾತ್ರ ವಹಿಸುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗವೆಂದು ಆಧುನಿಕ ವಿಜ್ಞಾನ ಹೇಳುತ್ತದೆ. ಸಿಹಿಯನ್ನೋ ಕರಿದ ತಿಂಡಿಯನ್ನೋ ಕಂಡಾಗ ಮಿದುಳಿನ ಆಳದ ಕೇಂದ್ರಗಳು ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಆಸೆಯನ್ನು ಕೆರಳಿಸುತ್ತವೆ. ಮುಂಭಾಗವು ಅದಕ್ಕೆ ಕಡಿವಾಣ ಹಾಕುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಆರೋಗ್ಯವಂತ ಮಹಿಳೆಯರಲ್ಲಿ ಕಾಂತಶಕ್ತಿಯ ಸಾಧನದಿಂದ ಈ ಭಾಗದ ಚಟುವಟಿಕೆಯನ್ನು ಸ್ವಲ್ಪ ಹೊತ್ತು ಕುಗ್ಗಿಸಿ ನೋಡಿದರು. ಆಗ ಅವರ ತಿನ್ನುವ ಬಯಕೆ ಹೆಚ್ಚಿತು, ಚಿಪ್ಸ್ ಮತ್ತು ಚಾಕೊಲೇಟ್ ತಿಂದ ಪ್ರಮಾಣವೂ ಹೆಚ್ಚಿತು. ಅವರ ಸ್ವಭಾವವು ಆ ಕೆಲವು ನಿಮಿಷಗಳಲ್ಲಿ ಕೆಟ್ಟುಹೋಯಿತೆನ್ನಲಾದೀತೇ? ನಿದ್ರೆಗೆಟ್ಟ ಮರುದಿನ, ಚಿಂತೆ ಕಾಡಿದ ಸಂಜೆ ನಮ್ಮ ಕೈ ತಾನಾಗಿ ಡಬ್ಬಿಯತ್ತ ಹೋಗುವುದಕ್ಕೂ ಇಂತಹುದೇ ಕಾರಣವಿದೆ.

ಈ ಕಡಿವಾಣವನ್ನು ಬಲಪಡಿಸುವ ಉಪಾಯಗಳಲ್ಲಿ ವ್ಯಾಯಾಮವೂ ಒಂದು. ಚುರುಕಾಗಿ ನಡೆದಾಗ ಮಿದುಳಿಗೆ ರಕ್ತಸಂಚಾರ ಹೆಚ್ಚುತ್ತದೆ, ಮನಸ್ಸಿನ ಉದ್ವೇಗ ತಗ್ಗುತ್ತದೆ, ಗಮನವನ್ನು ಹಿಡಿದಿಡುವ ಸಾಮರ್ಥ್ಯ ಸ್ವಲ್ಪ ಕಾಲವಾದರೂ ಉತ್ತಮಗೊಳ್ಳುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಚಾಕೊಲೇಟ್ ಅಭ್ಯಾಸವಿದ್ದ 78 ಮಂದಿಯನ್ನು ಪರೀಕ್ಷಿಸಿದರು. ಮೇಜಿನ ಮೇಲೆ ಚಾಕೊಲೇಟ್ ಇಟ್ಟು ಕೆಲಸಕ್ಕೆ ಕೂರಿಸಿದಾಗ, ಮೊದಲು 15 ನಿಮಿಷ ನಡೆದು ಬಂದವರು ಸುಮಾರು 15 ಗ್ರಾಂ ತಿಂದರು. ಸುಮ್ಮನೆ ಕುಳಿತಿದ್ದವರು 28 ಗ್ರಾಂ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. 2,680 ಯುವಜನರು 15 ವಾರಗಳ ಕಾಲ ವ್ಯಾಯಾಮ ಮಾಡಿದರು. ಊಟ ಬದಲಿಸಿಕೊಳ್ಳಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಅವರ ಆಯ್ಕೆ ಕರಿದ ಪದಾರ್ಥಗಳಿಂದ ಹಣ್ಣು ತರಕಾರಿಗಳತ್ತ ತಿರುಗತೊಡಗಿತ್ತು. ಇವರೆಲ್ಲ ಹರೆಯದವರು; ಅರವತ್ತು ದಾಟಿದವರಲ್ಲಿ ಅದೇ ಪ್ರಮಾಣದ ಫಲವನ್ನು ನಾನು ವಾಗ್ದಾನ ಮಾಡಲಾರೆ. ದಿಕ್ಕು ಮಾತ್ರ ನನ್ನ ರೋಗಿಗಳಲ್ಲಿ ಕಂಡುದೂ ಇದೇ.

ಇಲ್ಲಿ ಒಂದು ತಪ್ಪು ಲೆಕ್ಕವನ್ನು ತಿದ್ದಬೇಕು. "ಬೆಳಿಗ್ಗೆ ನಡೆದಿದ್ದೇನೆ, ಎರಡು ಮಿರ್ಚಿ ತಿಂದರೇನು?" ಎನ್ನುವವರು ಬಹಳ. ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾದ ಶಕ್ತಿಯನ್ನು ಎಣ್ಣೆಯಲ್ಲಿ ಕರಿದ ಎರಡು ಮಿರ್ಚಿ ಬಜ್ಜಿ ಸುಲಭವಾಗಿ ಮರಳಿ ತುಂಬುತ್ತವೆ. ನಡಿಗೆಯನ್ನು ತಿನ್ನುವುದಕ್ಕೆ ಪಡೆದ ಪರವಾನಗಿಯೆಂದು ಬಗೆದವರಿಗೆ ಅದರಿಂದ ಲಾಭವಿಲ್ಲ. ಮೂರನೆಯ ಮಿರ್ಚಿಗೆ ಕೈ ಚಾಚುವ ಮುನ್ನ ಒಂದು ಕ್ಷಣ ನಿಲ್ಲುವ ಸಾಮರ್ಥ್ಯವನ್ನು ಅದು ಕೊಡುತ್ತದೆ ಎಂಬುದಕ್ಕಾಗಿ ನಡೆಯಬೇಕು.

ಆದ್ದರಿಂದ ನಡಿಗೆಯ ವೇಳೆಯೂ ಮುಖ್ಯ. ಆಸೆ ಯಾವಾಗ ಪೀಡಿಸುತ್ತದೆಯೋ ಅದಕ್ಕೆ ಸ್ವಲ್ಪ ಮುಂಚೆ ಹೊರಡಬೇಕು. ಹಲವರಿಗೆ ಅದು ಸಂಜೆ ಐದರ ಚಹಾದ ಹೊತ್ತು, ಮಂಡಕ್ಕಿ-ಮಿರ್ಚಿಯ ಹೊತ್ತು. ಶಿಕ್ಷಕರಿಗೆ ನಾನು ಸೂಚಿಸಿದ್ದು ಇಷ್ಟೇ: ಸಂಜೆ ಇಪ್ಪತ್ತು ನಿಮಿಷದ ಚುರುಕಾದ ನಡಿಗೆ, ಅನಂತರ ನೀರು, ಆಮೇಲೆ ಬೇಕಾದರೆ ತಿಂಡಿ. ಪ್ರಮಾಣಕ್ಕೆ ನಮ್ಮ ಗ್ರಂಥಗಳ 'ಅರ್ಧಶಕ್ತಿ'ಯ ನಿಯಮವೇ ಸಾಕು: ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ ಬಾಯಿಯಿಂದ ಉಸಿರಾಡಬೇಕೆನಿಸಿದಾಗ ನಿಲ್ಲಿಸಬೇಕು. ಬೇಸಿಗೆಯಲ್ಲಿ ಇನ್ನೂ ಕಡಿಮೆ. ಪ್ರಮೇಹದ ಚಿಕಿತ್ಸೆಯಲ್ಲಿ ಸುಶ್ರುತರು ನೂರು ಯೋಜನ ನಡೆಯುವುದನ್ನೂ ಬಾವಿ ತೋಡುವುದನ್ನೂ ಹೇಳಿದ್ದಾರೆ. ಹೊಲದಲ್ಲಿ ಮೈಮುರಿದು ಕಾಯಕ ಮಾಡುವ ಭಕ್ತರಿಗೆ ಬೇರೆ ವ್ಯಾಯಾಮದ ಅಗತ್ಯವಿಲ್ಲ. ಆದರೆ ಸುಶ್ರುತರು ಅಲ್ಲಿ ಹೇಳಿದ ಬರಿಗಾಲ ನಡಿಗೆಯನ್ನು ಇಂದಿನ ಮಧುಮೇಹಿಗಳು ಅನುಸರಿಸಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಒಂದು ಮುಳ್ಳಿನ ಗಾಯವೂ ಅಪಾಯಕರ.

ಇನ್ನು ದಾಸೋಹದ ಮಾತು. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬುದು ನಮ್ಮ ಸಂಪ್ರದಾಯ. ಹಾಗಾದರೆ ಸಂಯಮಕ್ಕೆ ಉಳಿಯುವ ಅವಕಾಶ ಬಡಿಸುವ ಕ್ಷಣವೊಂದೇ. ಹುಗ್ಗಿಯ ಬಕೆಟ್ಟು ಎದುರಿಗೆ ಬಂದಾಗ "ಒಂದು ಚಮಚ ಸಾಕು" ಎನ್ನಲು ಬೇಕಾದುದು ಒಂದು ಕ್ಷಣದ ಧೃತಿ. ಪಂಕ್ತಿಗೆ ಮೊದಲು ಮಠದ ಆವರಣದಲ್ಲಿ ನಾಲ್ಕು ಸುತ್ತು ನಡೆದು ಕುಳಿತಾಗ ಹಾಗೆನ್ನುವುದು ಸುಲಭವಾಯಿತೆಂದು ಶಿಕ್ಷಕರು ದೀಪಾವಳಿಯ ಹೊತ್ತಿಗೆ ಬಂದು ಹೇಳಿದರು. ಪ್ರತಿದಿನವೂ ಅಲ್ಲ, ಮೊಮ್ಮಕ್ಕಳು ಬಂದ ದಿನ ಸೋಲುತ್ತಾರಂತೆ. ಬಡಿಸುವ ಸೇವಾಕರ್ತರಲ್ಲಿಯೂ ನನ್ನದೊಂದು ವಿನಂತಿ: ಹಿರಿಯರು ಸಾಕೆಂದು ಕೈ ಅಡ್ಡ ಹಿಡಿದಾಗ ಪ್ರೀತಿಯಿಂದಲಾದರೂ ಇನ್ನೊಂದು ಸೌಟು ಹಾಕಬೇಡಿರಿ.

ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗನೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟಕ್ಕೆ ಮುಂಚೆ ನಡೆಯುವ ಅಭ್ಯಾಸವನ್ನು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಬೆಲ್ಲ ಇರಲಿ. ನಡೆಯುವಾಗ ಕೈನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವಿಕೆ ಕಂಡರೆ ಅಲ್ಲಿಯೇ ಕುಳಿತು ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಎದೆ ಬಿಗಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.